ಗಂಡನ ಸಹೋದರನ ಹೆಂಡತಿ

ಜನವರಿ ೧೨

ಪುಟದಮ್ಮನಿಗೆ,

ನನ್ನ ಮೈದುನನನ್ನು ಬಿಟ್ಟೆ, ಸರಿ. ಕೋರ್ಟೂ ಒಪ್ಪಿತು, ನಾನೂ ಒಪ್ಪಿದೆ. ನನ್ನ ನಕ್ಷತ್ರಗಳನ್ನು ಯಾಕೆ ಬಿಟ್ಟೆ?

ನೀನು ಪುಟ ಜೋಡಿಸಿ ಕಳಿಸಿದ ಪ್ರೆಸ್ಸಿನ ಕಟ್ಟು ನಿನ್ನೆ ನಮ್ಮ ನಿಘಂಟಿನ ಆಫೀಸಿಗೆ ಬಂತು. ಬಿಚ್ಚಿ ನೋಡಿದರೆ ಪದಗಳ ಮುಂದೆ ನಾನು ಹಾಕಿದ್ದ ನಕ್ಷತ್ರಗಳಲ್ಲಿ ಒಂದೂ ಜಾಗದಲ್ಲಿಲ್ಲ. ಎಲ್ಲವೂ ಅಡಿಟಿಪ್ಪಣಿಯ ಗುರುತುಗಳಾಗಿ ಪುಟದ ತಳಕ್ಕೆ ಇಳಿದು, ಟಿಪ್ಪಣಿಯೇ ಇಲ್ಲದೆ ಸಾಲಾಗಿ ಕೂತಿವೆ. ಎಷ್ಟು ಸಲ ಹೇಳಬೇಕು ನಿನಗೆ? ಪದದ ಮುಂದೆ ನಕ್ಷತ್ರ ಇದ್ದರೆ ಆ ಪದವನ್ನು ಯಾರೂ ಬರೆದಿಟ್ಟಿಲ್ಲ, ಆಡಿದ್ದನ್ನು ಕೇಳಿದವರೂ ಯಾರೂ ಉಳಿದಿಲ್ಲ ಅಂತ ಅರ್ಥ. ಮಕ್ಕಳ ಮೂಗು, ಹುಬ್ಬು ನೋಡಿ ಸತ್ತ ತಾಯಿಯ ಮುಖ ಹೀಗಿದ್ದಿರಬೇಕು ಅನ್ನುತ್ತೇವಲ್ಲ, ಹಾಗೆ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಪದಗಳನ್ನು ಪಕ್ಕಪಕ್ಕ ಇಟ್ಟು, ಅವೆಲ್ಲದರ ತಾಯಿಯಾದ ಮೂಲ ಇಂಡೋ-ಯುರೋಪಿಯನ್ ಭಾಷೆಯಲ್ಲಿ ಹೀಗಿದ್ದಿರಬೇಕು ಅಂತ ಊಹಿಸಿದ್ದು. ನಕ್ಷತ್ರ ತೆಗೆದರೆ ಊಹೆಯನ್ನೇ ನಿಜ ಅಂದ ಹಾಗಾಗುತ್ತದೆ. ಅಂಥದ್ದಕ್ಕೆ ನಾನು ಒಪ್ಪುವವಳಲ್ಲ.

ಅದೂ ಯಾವ ಪುಟದಲ್ಲಿ! *ಯೆನ್‌ಹತೆರ್ ಪುಟದಲ್ಲಿ. ಅರ್ಥ: ಗಂಡನ ಸಹೋದರನ ಹೆಂಡತಿ. ಓರಗಿತ್ತಿ. ಹತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ನೀನು ನನಗೆ, ನಾನು ನಿನಗೆ ಆಗಿದ್ದದ್ದು. ಆ ಪುಟಕ್ಕಾದರೂ ಸ್ವಲ್ಪ ಮರ್ಯಾದೆ ಬೇಡವೇ?

ಮತ್ತೆ ಕಟ್ಟಿ ಕಳಿಸು. ಫೋನ್ ಮಾತ್ರ ಮಾಡಬೇಡ. ಕೆಳಗೆ ನಿನ್ನ ಭಾವ, ಮೇಲಿನ ಮಹಡಿಯಲ್ಲಿ ನನ್ನ ಮೈದುನ, ನಡುವೆ ನಾನು. ನಿನ್ನ ಹೆಸರು ಕಿವಿಗೆ ಬಿದ್ದರೆ ಸಾಕು, ಮನೆಯಲ್ಲಿ ಚಮಚ ಅಲ್ಲಾಡುವ ಸದ್ದೂ ನಿಲ್ಲುತ್ತದೆ. ಕಟ್ಟಿನೊಳಗೆ ಕಾಗದ ಇಡು, ಆಫೀಸಿನಲ್ಲಿ ಓದಿಕೊಳ್ಳುತ್ತೇನೆ.

ನಾನೇ


ಜನವರಿ ೨೦

ಅಕ್ಕ,

ನಕ್ಷತ್ರಗಳು ತಂತಮ್ಮ ಜಾಗಕ್ಕೆ ಬಂದಿವೆ. ತಪ್ಪು ನನ್ನದಲ್ಲ, ಕಂಪ್ಯೂಟರಿನದು. ನಕ್ಷತ್ರ ಕಂಡರೆ ಸಾಕು, ಟಿಪ್ಪಣಿ ಅಂದುಕೊಂಡು ಕೆಳಗೆ ತಳ್ಳುತ್ತದೆ. ಅದಕ್ಕೂ ನೀವು ಒಂದು ಕಾಗದ ಬರೆದು ಬೈಯಿರಿ. ಇದೊಂದೇ ಪದಕ್ಕೆ ಆರು ಪುಟ, ಒಂಬತ್ತು ಸಲ ತಿದ್ದುಪಡಿ. ಹೀಗೇ ಹೋದರೆ ನಿಮ್ಮ ನಿಘಂಟು ಹೊರಬರುವ ಹೊತ್ತಿಗೆ ಇನ್ನೂ ನಾಲ್ಕು ಭಾಷೆ ಸತ್ತಿರುತ್ತವೆ, ಆಗ ಅವನ್ನೂ ಸೇರಿಸಿ ಅನ್ನುತ್ತೀರಿ. ನಿಮ್ಮ ಪ್ರಧಾನ ಸಂಪಾದಕರು, ನಮ್ಮ ದೊಡ್ಡ ನಕ್ಷತ್ರ, ಹೇಗಿದ್ದಾರೆ? ಮುಂದೆ ನಿಂತುಕೊಂಡು ಎಲ್ಲವನ್ನೂ ಬರೀ ಊಹೆ ಅನ್ನುವುದೊಂದೇ ಅವರ ಕೆಲಸ ಅಂತ ನಾನು ಇಟ್ಟ ಹೆಸರು ಅವರಿಗೆ ಇನ್ನೂ ಗೊತ್ತಾಗಿಲ್ಲ ತಾನೆ?

ಇನ್ನೊಂದು ವಿಷಯ. ನಾಲ್ಕು ದಿನದಿಂದ ಬರೆದು ಹರಿದು ಹಾಕುತ್ತಿದ್ದೇನೆ, ಈಗ ನೇರವಾಗಿ ಬರೆದುಬಿಡುತ್ತೇನೆ. ಏಪ್ರಿಲ್‌ನಲ್ಲಿ ನನ್ನ ಮದುವೆ.

ಅವರು ಲಿಫ್ಟ್ ರಿಪೇರಿ ಮಾಡುವವರು. ನಮ್ಮ ಪ್ರೆಸ್ಸಿನ ಲಿಫ್ಟ್ ಎರಡು ಮಹಡಿಯ ನಡುವೆ ಕೈಕೊಟ್ಟ ದಿನ ನಿಮ್ಮದೇ ಪುಟಗಳ ಕಟ್ಟು ಹಿಡಿದುಕೊಂಡು ನಾನು ಒಳಗಿದ್ದೆ. ಹೊರಗಿನಿಂದ "ಒಳಗೆ ಎಷ್ಟು ಜನ ಇದ್ದೀರಾ?" ಅಂತ ಕೂಗಿದರು. "ಒಬ್ಬಳೇ. ಜೊತೇಲಿ ಒಂದಷ್ಟು ಸತ್ತ ಭಾಷೆ" ಅಂದೆ. ಹೊರಗೆ ಏನನ್ನೋ ಎರಡು ಸಲ ಕುಟ್ಟಿದರು. ಆಮೇಲೆ "ತೂಕ ಜಾಸ್ತಿ ಆಗಿರ್ಬೇಕು" ಅಂದರು. ಮೂರು ವರ್ಷದಲ್ಲಿ ನಾನು ಹೊಟ್ಟೆ ತುಂಬ ನಕ್ಕದ್ದು ಅವತ್ತೇ.

ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕುವುದು, ಅಷ್ಟೇ ಮದುವೆ. ಅವರ ಕಡೆಯಿಂದ ಅಣ್ಣ, ಅತ್ತಿಗೆ ಸಾಕ್ಷಿ ಹಾಕುತ್ತಾರೆ. ಹೆಣ್ಣಿನ ಕಡೆಯಿಂದಲೂ ಒಬ್ಬ ಸಂಬಂಧಿಕರು ಬೇಕೇ ಬೇಕಂತೆ, ಅಲ್ಲಿಯ ಗುಮಾಸ್ತ ಪಟ್ಟು ಹಿಡಿದಿದ್ದಾನೆ. ಅಪ್ಪ ಅಮ್ಮ ಇಲ್ಲ, ಒಡಹುಟ್ಟಿದವರು ಮೊದಲೇ ಇಲ್ಲ. ನನಗೆ ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ ಅಕ್ಕ? ಆ ಮನೆಯಲ್ಲಿ ನಿಮಗೆ ಕಷ್ಟ ಅಂತ ಗೊತ್ತು. ಗೊತ್ತಿದ್ದೂ ಕೇಳುತ್ತಿದ್ದೇನೆ. ಬರುತ್ತೀರಾ?

ಪ್ರೆಸ್ಸಿನಲ್ಲೇ ಒಂದು ಚಿಕ್ಕ ಕಾರ್ಡು ಮಾಡಿದ್ದೇನೆ. ಕರಡು ಇದರ ಜೊತೆಗಿದೆ. ನೋಡಿ ಏನನ್ನಿಸಿತು ಹೇಳಿ.

ನಿಮ್ಮ
ಪುಟದಮ್ಮ


ಫೆಬ್ರವರಿ ೨

ಪುಟದಮ್ಮನಿಗೆ,

ಕಾರ್ಡು ತಿದ್ದಿ ಇದರ ಜೊತೆ ಇಟ್ಟಿದ್ದೇನೆ. ಎರಡನೆಯ ಸಾಲಿನಲ್ಲಿ ಅಲ್ಪವಿರಾಮ ಬೇಕು. ‘ಶುಭ ಸಂದರ್ಭ’ದ ನಡುವೆ ಜಾಗ ಹೆಚ್ಚಾಗಿದೆ. ಅಂಚಿನಲ್ಲಿ ಹೂವಿನ ಬಳ್ಳಿ ಯಾಕೆ? ಲಿಫ್ಟಿನವರಿಗೆ ಬಳ್ಳಿ ಇಷ್ಟವೋ? ಕೊನೆಯಲ್ಲಿ ‘ಆಹ್ವಾನಿಸುವವರು: ವಧುವಿನ ಅಕ್ಕ’ ಅಂತ ಹಾಕಿದ್ದೀಯ. ಅದನ್ನು ಹೊಡೆದು ಹಾಕಿದ್ದೇನೆ. ನಾನು ನಿನ್ನ ಅಕ್ಕ ಅಲ್ಲ. ಇಲ್ಲದ್ದನ್ನು ಅಚ್ಚು ಹಾಕಬಾರದು.

ಇನ್ನು ಪುಟದ ವಿಷಯ. ದೊಡ್ಡ ನಕ್ಷತ್ರದವರು ನಿನ್ನೆ ನನ್ನ ಮೇಜಿನ ಮುಂದೆ ನಿಂತು, "ಓರಗಿತ್ತಿಗೆ ಆರು ಪುಟ ಯಾಕಮ್ಮಾ? ನಾಲ್ಕು ಸಾಲು ಸಾಕು. ಈ ಪದ ಇವತ್ತು ಯಾರಿಗೆ ಬೇಕು?" ಅಂದರು. ನನಗೆ ಮೈಯೆಲ್ಲ ಉರಿಯಿತು. ನೀನೇ ನೋಡು ಈ ಪದದ ಮಕ್ಕಳು ಪಟ್ಟ ಪಾಡು. ಸಂಸ್ಕೃತದಲ್ಲಿ ಯಾತೃ ಅಂತ ಗಂಭೀರವಾಗಿ ಕೂತಿದೆ, ಆದರೆ ಅದರ ವಂಶದಲ್ಲಿ ಮನೆಮಾತಾಗಿ ಬಾಳುತ್ತಿರುವವರು ಕಡಿಮೆ. ಮರಾಠಿಯ ಜಾವೂ ಆ ಮನೆಯವಳೇ. ಪಶ್ತೋದಲ್ಲಿ ಯೋರ್ ಅಂತ ಒಂದೇ ಉಸಿರಿಗೆ ಕುಗ್ಗಿದ್ದಾಳೆ, ಆದರೆ ಬದುಕಿದ್ದಾಳೆ. ಅರ್ಮೇನಿಯನ್ನಿನಲ್ಲಿ ನೆರ್. ಮುಖ ಎಷ್ಟು ಬದಲಾಗಿದೆ ಅಂದರೆ ದಾರಿಯಲ್ಲಿ ಸಿಕ್ಕರೆ ಗುರುತು ಹಿಡಿಯಲಾರೆವು. ಗ್ರೀಕಿನಲ್ಲಿ ಹಳೆಯ ಕಾವ್ಯದಲ್ಲಿ ಒಂದೆರಡು ಕಡೆ, ಆಮೇಲೆ ಅಲ್ಲೊಂದು ಇಲ್ಲೊಂದು ಕಲ್ಲಿನ ಮೇಲೆ. ಲ್ಯಾಟಿನ್‌ನಲ್ಲಿ ಕಾನೂನಿನವರ ಬರಹದಲ್ಲಿ ಮಾತ್ರ. ನ್ಯಾಯ ಪಂಚಾಯಿತಿಗೆ ಬಂದಾಗ ತಾನೇ ಓರಗಿತ್ತಿಯ ನೆನಪಾಗುವುದು! ಲಿಥುವೇನಿಯನ್ನಿನಲ್ಲಿ ಯೆಂತೆ ಅನ್ನುತ್ತಿದ್ದರು, ಈಗ ಅದೂ ಹಳೆಯದಾಯಿತು. ಬಲ್ಗೇರಿಯನ್ನರು ಮಾತ್ರ ಎತರ್ವಾ ಅಂತ ಇನ್ನೂ ಗಟ್ಟಿಯಾಗಿ ಕರೆಯುತ್ತಾರೆ, ಅವರ ಹೊಟ್ಟೆ ತಣ್ಣಗಿರಲಿ. ಜರ್ಮನ್, ಇಂಗ್ಲಿಷ್ ಕಡೆಯವರು ಪೂರ್ತಿ ಕಳೆದುಕೊಂಡರು. ಇಂಗ್ಲಿಷಿನವರಂತೂ ನಾದಿನಿ, ಅತ್ತಿಗೆ, ಓರಗಿತ್ತಿ ಎಲ್ಲರನ್ನೂ ಒಂದೇ ಪದಕ್ಕೆ ಗುಡಿಸಿ ಹಾಕಿದ್ದಾರೆ.

ಕೂಡಿ ಬಾಳುವ ಮನೆ ಹೋದಲ್ಲೆಲ್ಲ ಪದವೂ ಹೋಯಿತು. ಇದನ್ನು ನಾಲ್ಕು ಸಾಲಿನಲ್ಲಿ ಬರೆಯುವುದು ಹೇಗೆ? ನಾನು ಬಿಡುವುದಿಲ್ಲ. ಪುಟ ಹಾಗೇ ಇರಲಿ.

ನಾನೇ


ಫೆಬ್ರವರಿ ೯

ಅಕ್ಕ,

ಅಲ್ಪವಿರಾಮ ಹಾಕಿದ್ದೇನೆ. ಬಳ್ಳಿ ತೆಗೆದಿದ್ದೇನೆ. ತೃಪ್ತಿ ಆಯಿತೇ?

ನಾನು ನಿಮ್ಮನ್ನು ನನ್ನ ಮದುವೆಗೆ ಕರೆದೆ. ನೀವು ಕರಡು ತಿದ್ದಿ ವಾಪಸ್ ಕಳಿಸಿದ್ದೀರಿ. ಸಂತೋಷ ಅಂತ ಒಂದು ಮಾತಿಲ್ಲ, ಬೇಡ ಅಂತಲೂ ಇಲ್ಲ. ಬರುತ್ತೀರಾ ಅಂತ ಕೇಳಿದ್ದಕ್ಕೆ ಬಲ್ಗೇರಿಯದ ಸಮಾಚಾರ ಬರೆದಿದ್ದೀರಿ. ಆ ಕಾರ್ಡು ಬಿಚ್ಚಿದಾಗ ಪ್ರೆಸ್ಸಿನಲ್ಲಿ ಎಲ್ಲರೂ ಪಕ್ಕದಲ್ಲೇ ಇದ್ದರು. ‘ವಧುವಿನ ಅಕ್ಕ’ ಅನ್ನುವುದರ ಮೇಲೆ ನಿಮ್ಮ ಕೆಂಪು ಪೆನ್ಸಿಲಿನ ಗೆರೆ. ಅಂಚಿನಲ್ಲಿ ‘ತಪ್ಪು’ ಅಂತ ನಿಮ್ಮ ಗುಂಡು ಅಕ್ಷರ. ಹದಿಮೂರು ವರ್ಷ ಅಕ್ಕ ಅಕ್ಕ ಅಂತ ಬಾಯಿ ತುಂಬ ಕರೆದಿದ್ದೇನೆ. ಅಷ್ಟು ದಿನದಲ್ಲಿ ಒಂದು ಸಲವಾದರೂ ತಿದ್ದಬಹುದಾಗಿತ್ತು.

ನಾನು ಆ ಮನೆಯಿಂದ ಪೆಟ್ಟಿಗೆ ಹಿಡಿದು ಹೊರಟ ದಿನವೂ ನೀವು ಒಳಗೆ ಕೋಣೆಯಲ್ಲಿ ಕೂತು ಬರೆಯುತ್ತಿದ್ದಿರಿ. ಬಾಗಿಲ ತನಕ ಬರಲಿಲ್ಲ. ಅದನ್ನು ನಾನು ಯಾವತ್ತೂ ಕೇಳಲಿಲ್ಲ, ಕೇಳುವುದೂ ಇಲ್ಲ.

ನೀವೇ ಒಮ್ಮೆ ಹೇಳಿಕೊಟ್ಟಿದ್ದಿರಿ, ನಮ್ಮ ಕನ್ನಡದ ಓರಗಿತ್ತಿ ಅಂದರೆ ಓರಗೆಯವಳು, ಸರೀಕಳು, ಅದರಲ್ಲಿ ಗಂಡನ ಸುದ್ದಿಯೇ ಇಲ್ಲ ಅಂತ. ಅವತ್ತು ಇಬ್ಬರೂ ಎಷ್ಟು ನಕ್ಕೆವು. ಈಗ ನಾನು ಅಕ್ಕನೂ ಅನ್ನುವಂತಿಲ್ಲ. ಹಾಗಾದರೆ ನೀವು ನನಗೆ ಏನಾಗಬೇಕು? ಒಂದೇ ಪದದಲ್ಲಿ ಬರೆದು ಕಳಿಸಿ. ಆರು ಪುಟ ಬೇಡ.

ಪುಟದಮ್ಮ


ಫೆಬ್ರವರಿ ೨೩

ಪುಟದಮ್ಮನಿಗೆ,

ಬರೆಯಲೇಬಾರದು ಅಂದುಕೊಂಡಿದ್ದೆ.

ಒಂದೇ ಪದದಲ್ಲಿ ಬರೆಯಿರಿ ಅಂತ ಹೇಳುವುದು ಸುಲಭ. ನಾನು ಸುಮ್ಮನೆ ಕೂತಿಲ್ಲ, ಹುಡುಕಿದೆ. ವಿಧವೆಗೆ ಪದವಿದೆ, ಒಂದೇ ಮೂಲದಿಂದ ಹೊರಟು ಭಾಷೆ ಭಾಷೆಯಲ್ಲೂ ಬಿಳಿ ಬಟ್ಟೆ ಉಟ್ಟ ಹಾಗೆ ಎದ್ದು ಕಾಣುತ್ತದೆ. ಸವತಿಗೆ ಇದೆ. ಸೊಸೆಗೆ ಇದೆ. ಬಿಟ್ಟುಹೋದ ಓರಗಿತ್ತಿಗೆ ಎಲ್ಲೂ ಇಲ್ಲ. ಯಾರಿಗೂ ಅವಳ ಅಗತ್ಯ ಬೀಳಲಿಲ್ಲವೋ, ಅಥವಾ ಯಾರೂ ಬಿಟ್ಟುಹೋಗಲೇ ಇಲ್ಲವೋ! ಕನ್ನಡದ ಓರಗೆಯ ವಿಷಯ ಹೇಳಿದ್ದು ನಿಜ. ಆದರೆ ಕನ್ನಡ ಈ ವಂಶದ್ದಲ್ಲ. ಅದನ್ನು ತಂದು ನನ್ನ ಪುಟದಲ್ಲಿ ತುರುಕಿದರೆ ದೊಡ್ಡ ನಕ್ಷತ್ರದವರು ನನ್ನನ್ನು ಕಿಟಕಿಯಿಂದ ಹೊರಗೆ ಹಾಕುತ್ತಾರೆ, ಅದು ನ್ಯಾಯವೇ ಸರಿ.

ಅವರ ಜೊತೆಗೂ ಸಾಕಾಗಿದೆ. ಆ ಮೂಲಪದದ ಮೊದಲಿಗೆ ಗಂಟಲಿನ ಸದ್ದೊಂದು ಇತ್ತು ಅನ್ನುವುದು ಅವರ ವಾದ. ಇರಲಿಲ್ಲ ಅನ್ನುವುದು ನನ್ನದು. ಯಾರೂ ಕೇಳದ ಭಾಷೆಯ, ಯಾರೂ ಕೇಳದ ಪದದ, ಕೇಳಿಸದೇ ಹೋದ ಒಂದು ಸದ್ದಿಗಾಗಿ ಒಂದು ವಾರ ಇಬ್ಬರೂ ಬಾಯಿ ಹರಿದುಕೊಂಡೆವು. ಕೊನೆಗೆ ಅವರು ಸದ್ದನ್ನು ಕಂಸದಲ್ಲಿ ಹಾಕಲು ಒಪ್ಪಿದರು, ನಾನು ಆರು ಪುಟವನ್ನು ಮೂರಕ್ಕೆ ಇಳಿಸಲು ಒಪ್ಪಿದೆ. ಇದಕ್ಕೆ ಪಾಂಡಿತ್ಯ ಅಂತ ಹೆಸರು.

ಮದುವೆಯ ವಿಷಯ ನಿನ್ನ ಭಾವನಿಗೆ ಹೇಳಿದೆ. ಮುಚ್ಚಿಡುವುದು ನನಗೆ ಆಗುವುದಿಲ್ಲ. ಊಟದ ತಟ್ಟೆ ಮುಂದೆ ಇತ್ತು. "ಹೋಗಲಿ, ಮದುವೆ ಆಗಲಿ, ಚೆನ್ನಾಗಿರಲಿ" ಅಂದರು. ಸಾಕ್ಷಿಯ ಮಾತು ಎತ್ತಿದೆ. ಕೈ ಅಲ್ಲೇ ನಿಂತಿತು. "ನಮ್ಮನೆ ಬಿಟ್ಟು ಹೋದೋಳ ಮದುವೇಗೆ ನಮ್ಮನೆಯೋಳೇ ಹೋಗಿ ಸಾಕ್ಷಿ ಹಾಕೋದಾ? ಮೇಲೆ ಅವನಿದಾನೆ. ಬೆಳಗಾದ್ರೆ ಅವನ ಮುಖ ಹೆಂಗೆ ನೋಡ್ಲಿ ನಾನು? ಯಾರ ಕಡೆ ನೀನು?" ಅಂದರು. ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗುತ್ತಿದ್ದೆ. ಮೂರು ದಿನವಾಯಿತು, ನನ್ನ ಜೊತೆ ಮಾತಿಲ್ಲ, ಉಪ್ಪು ಬೇಕಾದರೂ ಎದ್ದು ತಾವೇ ತೆಗೆದುಕೊಳ್ಳುತ್ತಿದ್ದಾರೆ.

ಬರುವುದಕ್ಕಾಗುವುದಿಲ್ಲ ಕಣೇ. ಅಲ್ಲಿ ಗುಮಾಸ್ತ ಏನಾಗಬೇಕು ಅಂತ ಕೇಳುತ್ತಾನೆ. ಓರಗಿತ್ತಿ ಅಂದರೆ ನಿನ್ನ ಹಳೆಯ ಗಂಡನ ಪುರಾಣವನ್ನೆಲ್ಲ ಅಲ್ಲಿ ಬಿಚ್ಚಬೇಕು. ಅಕ್ಕ ಅಂದರೆ ಸುಳ್ಳು. ಏನೂ ಅಲ್ಲ ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಬೇರೆ ಯಾರನ್ನಾದರೂ ನೋಡಿಕೋ.

ಮೂರು ಪುಟಕ್ಕೆ ಇಳಿಸಿದ್ದು ಇದರ ಜೊತೆಗಿದೆ.

ನಾನೇ


ಮಾರ್ಚ್ ೫

ಮಾನ್ಯ ಸಂಪಾದಕರಿಗೆ,

ತಾವು ಕಳಿಸಿದ ಮೂರು ಪುಟ ತಲುಪಿತು. ಕೆಳಗಿನ ವಿಷಯಗಳಿಗೆ ದಯವಿಟ್ಟು ಉತ್ತರಿಸುವುದು.

ಅರ್ಮೇನಿಯನ್ ರೂಪದ ಫಾಂಟ್ ನಮ್ಮಲ್ಲಿಲ್ಲ, ಕನ್ನಡ ಲಿಪಿಯಲ್ಲೇ ಹಾಕಿದ್ದೇವೆ. ಗಂಟಲಿನ ಸದ್ದಿನ ಕಂಸ ಕೆಲವೆಡೆ ತೆರೆದಿದೆ, ಮುಚ್ಚಿಲ್ಲ. ಮುಚ್ಚಬೇಕೆ ಅಥವಾ ಅದೂ ತಮ್ಮ ಮತ್ತು ಪ್ರಧಾನ ಸಂಪಾದಕರ ನಡುವಿನ ಒಪ್ಪಂದದ ಭಾಗವೇ ತಿಳಿಸುವುದು. ಹಿಂದಿನ ಕಟ್ಟಿನಲ್ಲಿ ತಾವು ಬಲ್ಗೇರಿಯನ್ನರ ಹೊಟ್ಟೆಯ ಬಗ್ಗೆ ಬರೆದ ಮಾತನ್ನು ಪುಟಕ್ಕೆ ಸೇರಿಸಿಲ್ಲ.

ಅರ್ಥದ ಸಾಲು ‘ಗಂಡನ ಸಹೋದರನ ಹೆಂಡತಿ’ ಎಂದಿದೆ. ಮೂರೇ ಪದ, ಕಾಲಮ್ಮಿನಲ್ಲಿ ಆರಾಮಾಗಿ ಹಿಡಿಸುತ್ತದೆ. ಆದರೆ ಈ ಅರ್ಥದ ಪ್ರಕಾರ ಒಬ್ಬಳು ಕೋರ್ಟಿನಲ್ಲಿ ಒಂದು ಸಹಿ ಹಾಕಿದರೆ ಇನ್ನೊಬ್ಬಳ ಜೊತೆಗಿನ ಹತ್ತು ವರ್ಷ ಆ ಕ್ಷಣವೇ ಇಲ್ಲವಾಗುತ್ತದೆ. ಇವಳು ಯಾರನ್ನು ಬಿಟ್ಟಳೋ ಅವನು ಬೇರೆ, ಯಾರ ಜೊತೆ ಬಾಳಿದಳೋ ಅವಳು ಬೇರೆ ಅನ್ನುವುದಕ್ಕೆ ಈ ಸಾಲಿನಲ್ಲಿ ಜಾಗವಿಲ್ಲ. ಹಾಗೇ ಅಚ್ಚು ಹಾಕಬಹುದೇ?

ಸಾಕ್ಷಿಗೆ ಇನ್ನೂ ಯಾರೂ ಸಿಕ್ಕಿಲ್ಲ. ಅದು ತಮಗೆ ಸಂಬಂಧಿಸಿದ್ದಲ್ಲವಾದ್ದರಿಂದ ಹೆಚ್ಚು ಬರೆಯುವುದಿಲ್ಲ.

ತಮ್ಮ ವಿಶ್ವಾಸಿ,
ಪುಟವಿನ್ಯಾಸ ವಿಭಾಗ


ಮಾರ್ಚ್ ೧೯

ಪುಟವಿನ್ಯಾಸ ವಿಭಾಗದ ಮಹಾರಾಣಿಗೆ,

ಕಂಸ ಮುಚ್ಚು. ನಿನ್ನ ಕೊಂಕು ನಿನ್ನ ಹತ್ತಿರವೇ ಇರಲಿ.

ಸೋಮವಾರ ನನ್ನ ಆಫೀಸಿಗೆ ಒಬ್ಬಳು ಬಂದಿದ್ದಳು. ಹೊಲಿಗೆ ಅಂಗಡಿ ಇಟ್ಟಿದ್ದಾಳಂತೆ, ಕುತ್ತಿಗೆಗೆ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಒಳಗೆ ಬಂದವಳೇ ದೊಡ್ಡ ನಕ್ಷತ್ರದವರ ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತಳು. ನಮ್ಮ ಕಿಟಕಿ ಪರದೆಯ ಅಂಚು ಓರೆಯಾಗಿದೆ, ಹೊಲಿದವನಿಗೆ ಕಣ್ಣಿಲ್ಲ ಅಂತ ಮೊದಲನೆಯ ಮಾತು. ಎರಡನೆಯ ಮಾತು, "ನಾನು ಲಿಫ್ಟ್ ರಿಪೇರಿಯವನ ಅತ್ತಿಗೆ. ನಿಮ್ಮ ಓರಗಿತ್ತಿ ಬಗ್ಗೆ ವಿಚಾರಿಸೋಕೆ ಬಂದೆ."

ವಿಚಾರಿಸುವುದೇನು ಅಂದೆ.

"ಮೈದುನ ದಿನವೆಲ್ಲ ಲಿಫ್ಟಲ್ಲಿ ಮೇಲೆ ಕೆಳಗೆ ಹೋಗ್ತಿರ್ತಾನೆ. ಅವಳ ಜೊತೆ ಬೆಳಗಿಂದ ರಾತ್ರಿ ತನಕ ಏಗಬೇಕಾದೋಳು ನಾನು. ಅವಳನ್ನ ಕೇಳಿದ್ರೆ ಒಳ್ಳೇದೇ ಹೇಳ್ಕೋತಾಳೆ. ಅವಳ ಜೊತೆ ಒಂದೇ ಒಲೆ ಮುಂದೆ ನಿಂತೋರು ನೀವೊಬ್ರೇ. ನಿಜ ಹೇಳಿ, ಹೆಂಗೆ ಅವಳು?"

ನಮಗೂ ಅವಳಿಗೂ ಸಂಬಂಧ ಮುಗಿದಿದೆ ಅಂತ ಹೇಳಬೇಕಾಗಿತ್ತು. ಬಾಯಿಗೆ ಬಂದದ್ದು ಬೇರೆ. ಒಲೆ ಆರಿಸಿದ್ದೇನೆಯೇ ಅಂತ ಮಲಗುವ ಮೊದಲು ಮೂರು ಸಲ ನೋಡುತ್ತಾಳೆ ಅಂದೆ. ಪಾತ್ರೆ ಉಜ್ಜುವಾಗ ಹಾಡುತ್ತಾಳೆ, ಶ್ರುತಿ ಅನ್ನುವುದು ಅವಳ ಹತ್ತಿರ ಸುಳಿಯುವುದಿಲ್ಲ. ಸಿಟ್ಟು ಬಂದರೆ ಊಟ ಬಿಡುವುದಿಲ್ಲ, ಮಾತು ಬಿಡುತ್ತಾಳೆ. ಹಂಚುವಾಗ ತನಗೆ ಕಡಿಮೆ ಹಾಕಿಕೊಂಡು ಆಮೇಲೆ ಡಬ್ಬಿಯಿಂದ ಕದ್ದು ತಿನ್ನುತ್ತಾಳೆ. ಬಂದವಳು ಎಲ್ಲಕ್ಕೂ ತಲೆ ಆಡಿಸುತ್ತಾ ಕೇಳುತ್ತಿದ್ದಳು. ನಿಲ್ಲಿಸಬೇಕು ಅಂದುಕೊಂಡೆ, ನಿಲ್ಲಲಿಲ್ಲ. ನನಗೆ ಟೈಫಾಯ್ಡ್ ಆಗಿ ಎದ್ದಾಗ ದಿನವೂ ನನ್ನ ತಲೆ ಬಾಚುತ್ತಿದ್ದವಳು ಅವಳು, ಹಿಡಿ ಹಿಡಿ ಉದುರಿದ ಕೂದಲನ್ನು ನನಗೆ ಕಾಣದ ಹಾಗೆ ಸೆರಗಿನಲ್ಲಿ ಗಂಟು ಹಾಕಿಕೊಂಡು ಹೋಗಿ ಎಸೆಯುತ್ತಿದ್ದಳು ಅಂದೆ. ನನಗೆ ಗೊತ್ತಾಗುತ್ತಿತ್ತು ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ ಅಂತಲೂ ಅಂದೆ. ಈಗ ಗೊತ್ತಾಯಿತಲ್ಲ.

ದೊಡ್ಡ ನಕ್ಷತ್ರದವರು ಬಂದು ತಮ್ಮ ಕುರ್ಚಿಗಾಗಿ ಬಾಗಿಲಲ್ಲೇ ನಿಂತಿದ್ದರು. ಇಬ್ಬರೂ ಅವರನ್ನು ನೋಡಲಿಲ್ಲ.

ಕೊನೆಗೆ ಅವಳು ಎದ್ದು, "ಆಯ್ತು ಬಿಡಿ, ನಡೆಯುತ್ತೆ" ಅಂದಳು, ಅಂಗಡಿಯಲ್ಲಿ ಬಟ್ಟೆ ಆರಿಸಿದವಳ ಹಾಗೆ. "ನೀವು ಬರ್ತೀರಲ್ಲ ಸಾಕ್ಷಿಗೆ?" ಅಂತ ಕೇಳಿದಳು. ಮನೆಯಲ್ಲಿ ತೊಂದರೆ ಇದೆ ಅಂದೆ. "ಅವಳಿಗೆ ಬೇರೆ ಯಾರೂ ಸಿಕ್ಕಿಲ್ಲ. ಸಿಗಲಿಲ್ಲ ಅಂದ್ರೆ ದಿನ ಮುಂದೆ ಹೋಗುತ್ತೆ ಅಷ್ಟೇ. ಅತ್ತೂ ಕರೆದೂ ಮಾಡಲ್ಲ ಅವಳು, ಸುಮ್ನೆ ಕೂತ್ಕೋತಾಳೆ" ಅಂದಳು. ಅದು ನನಗೆ ಗೊತ್ತಿಲ್ಲವೇ? ನಿನ್ನನ್ನು ನೋಡಿ ಇನ್ನೂ ನಾಲ್ಕು ತಿಂಗಳಾಗಿಲ್ಲ, ನನಗೆ ಹೇಳಿಕೊಡಲು ಬಂದಳು.

ಒಂದು ಮಾತು ಹೇಳುತ್ತೇನೆ, ನಗಬೇಡ. ಅವಳು ಕೆಟ್ಟವಳಲ್ಲ. ಬಾಯಿ ಜಾಸ್ತಿ, ಆದರೆ ಒಳ್ಳೆಯವಳು. ನಿನಗೆ ಒಳ್ಳೆಯ ಓರಗಿತ್ತಿಯೇ ಸಿಕ್ಕಿದ್ದಾಳೆ. ಅದನ್ನೇ ನನ್ನಿಂದ ತಡೆದುಕೊಳ್ಳಲಾಗುತ್ತಿಲ್ಲ. ಕೆಟ್ಟವಳಾಗಿದ್ದರೆ ಚೆನ್ನಾಗಿತ್ತು ಅಂತ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂದುಕೊಂಡೆ. ಇಷ್ಟು ವರ್ಷದಲ್ಲಿ ಯಾರನ್ನು ಕಂಡೂ ನನಗೆ ಇಷ್ಟು ಹೊಟ್ಟೆಕಿಚ್ಚಾಗಿರಲಿಲ್ಲ.

ಅರ್ಥದ ಸಾಲು ಕೇಳಿದ್ದೆಯಲ್ಲ. ಹಾಗೇ ಅಚ್ಚು ಹಾಕು. ಅದು ಸರಿಯಾಗಿದೆ. ಪದದ ಅರ್ಥ ಅದೇ, ನಮ್ಮಿಬ್ಬರ ಸಂಕಟಕ್ಕಾಗಿ ಅದನ್ನು ಹಿಗ್ಗಿಸಲಾರೆ.

ನಿನ್ನ ಕಾರ್ಡಿನಲ್ಲಿ ಎಷ್ಟು ಗಂಟೆಗೆ ಅಂತಲೇ ಇಲ್ಲ. ಅಲ್ಪವಿರಾಮ ಕಂಡ ಕಣ್ಣಿಗೆ ಇದು ಕಾಣಲಿಲ್ಲ ನೋಡು. ಎಷ್ಟು ಗಂಟೆಗೆ?

ನಾನೇ


ಮಾರ್ಚ್ ೨೪

ಅಕ್ಕ,

ಹತ್ತನೇ ತಾರೀಖು ಹನ್ನೊಂದು ಗಂಟೆಗೆ. ಗುರುತಿನ ಚೀಟಿ ತನ್ನಿ. ಓದುವ ಕನ್ನಡಕ ಮರೆಯಬೇಡಿ, ಅಲ್ಲಿ ಅಕ್ಷರ ತೀರಾ ಸಣ್ಣದು. ಅಲ್ಲಿಯ ಫಾರಂ ತಿದ್ದಬೇಡಿ.

ಭಾವ ಏನಂದರು ಅಂತ ನಾನು ಕೇಳುವುದಿಲ್ಲ. ಬಾರದಿದ್ದರೂ ನಾನು ಬೈಯುವುದಿಲ್ಲ. ಇದು ಸುಳ್ಳು, ಬೈಯುತ್ತೇನೆ.

ಡಬ್ಬಿಯಿಂದ ಕದ್ದು ತಿನ್ನುತ್ತಿದ್ದದ್ದು ನೀವೂ ಹೌದು.

ಪುಟದಮ್ಮ


ಏಪ್ರಿಲ್ ೧೧

ಪುಟದಮ್ಮನಿಗೆ,

ನೀವಿಬ್ಬರೂ ಊರು ಸುತ್ತಿ ಬರುವ ಹೊತ್ತಿಗೆ ಈ ಕಾಗದ ಪ್ರೆಸ್ಸಿನಲ್ಲಿರುತ್ತದೆ. ಅಂದ ಹಾಗೆ, ನಿನ್ನ ಲಿಫ್ಟಿನವರು ಒಳ್ಳೆಯವರಂತೆ ಕಾಣುತ್ತಾರೆ. ಹೆಚ್ಚು ಮಾತಿಲ್ಲ. ದರ್ಜಿಯಮ್ಮನ ಮನೆಯಲ್ಲಿ ಇನ್ನೊಬ್ಬರಿಗೆ ಮಾತಾಡಲು ಜಾಗ ಎಲ್ಲಿ?

ನಿನ್ನೆ ನೀನು ಫೋಟೋ ತೆಗೆಸಿಕೊಳ್ಳಲು ಪಕ್ಕದ ಕೋಣೆಗೆ ಹೋದಾಗ ನಡೆದದ್ದು ನಿನಗೆ ಗೊತ್ತಿಲ್ಲ. ನಾನು ಸಾಕ್ಷಿಯ ಕಿಟಕಿಯ ಮುಂದೆ ಸಾಲಿನಲ್ಲಿದ್ದೆ. ಗುಮಾಸ್ತ ತಲೆ ಎತ್ತದೆ, "ಹೆಣ್ಣಿಗೆ ಏನಾಗ್ಬೇಕು ನೀವು?" ಅಂದ. ನಾನು ಶುರು ಮಾಡಿದೆ. ನೋಡಿ, ಇವಳು ಮೊದಲು ನನ್ನ ಮೈದುನನ ಹೆಂಡತಿಯಾಗಿದ್ದಳು, ಆಗ ನಾವಿಬ್ಬರೂ ಅಂತ. ಅವನು ಪೆನ್ನು ಕೆಳಗಿಟ್ಟ. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಯಾರದೋ ಮಗು ಅಳುತ್ತಿತ್ತು. "ಅಮ್ಮಾ, ಕಥೆ ಬೇಡ. ಒಂದು ಪದ ಹೇಳಿ, ಬರ್ಕೋತೀನಿ" ಅಂದ. ಜೀವಮಾನವೆಲ್ಲ ಪದ ಹುಡುಕಿದವಳಿಗೆ ಅವನೂ ನಿನ್ನ ಹಾಗೇ ಒಂದು ಪದ ಕೇಳಿದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವನ ಮೇಲೆ, ನಿನ್ನ ಮೇಲೆ, ನನ್ನ ಮೂರು ಪುಟದ ಮೇಲೆ.

"ಅಕ್ಕ" ಅಂದೆ.

"ಸ್ವಂತ ಅಕ್ಕಾನಾ? ಇಲ್ಲಾ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಾ?"

"ಸ್ವಂತ."

ಬರೆದುಕೊಂಡ. ತಿರುಗಿಸಿ ಇಟ್ಟ. ನಾನು ಕನ್ನಡಕ ಹಾಕಿಕೊಂಡು ಓದಿದೆ, ಕೆಳಗೆ ಸಹಿ ಹಾಕಿದೆ. ಪಕ್ಕದ ಕಿಟಕಿಯಲ್ಲಿದ್ದ ದರ್ಜಿಯಮ್ಮನಿಗೆ ಎಲ್ಲ ಕೇಳಿಸಿತ್ತು. ನನ್ನ ಕಡೆ ನೋಡಿದಳು, ತಲೆ ಬಗ್ಗಿಸಿ ತನ್ನ ಸಹಿ ಹಾಕಿದಳು. ಅಷ್ಟು ಹೊತ್ತು ಅವಳು ಸುಮ್ಮನಿದ್ದದ್ದನ್ನು ನಾನು ಮೊದಲ ಸಲ ಕಂಡೆ.

ಮನೆಗೆ ಬಂದೆ. ಹೊರಡುವಾಗ ಎಲ್ಲಿಗೆ ಅಂತ ಹೇಳಿಯೇ ಹೋಗಿದ್ದೆ. ನಿನ್ನ ಭಾವ ಕುರ್ಚಿಯಲ್ಲಿ ಕೂತು ಪೇಪರ್ ಹಿಡಿದಿದ್ದರು, ಓದುತ್ತಿರಲಿಲ್ಲ.

"ಹಾಕಿ ಬಂದ್ಯಾ?"

"ಹಾಕಿ ಬಂದೆ."

"ಏನಾಗ್ಬೇಕು ಅಂತ ಬರೆಸಿದೆ?"

ಹೇಳಿದೆ. ಪೇಪರ್ ಮಡಿಸಿ ಪಕ್ಕಕ್ಕಿಟ್ಟರು. "ಅದು ಸುಳ್ಳಲ್ವಾ?" ಅಂದರು. ಹೌದು ಅಂದೆ. "ಸರ್ಕಾರಿ ದಾಖಲೇಲಿ?" ಹೌದು ಅಂದೆ. "ನಾನು ಎರಡು ಮಾತಾಡಿದ್ರೆ ಮೂರು ತಪ್ಪು ಹಿಡಿಯೋಳು ನೀನು" ಅಂದರು. ನಾನು ಕೈಕಾಲು ತೊಳೆದುಕೊಂಡು ಬಂದು ತಟ್ಟೆ ಹಾಕಿದೆ. ಊಟದ ನಡುವೆ ಉಪ್ಪಿನ ಡಬ್ಬಿ ಕೊಡು ಅಂತ ನನ್ನನ್ನೇ ಕೇಳಿದರು.

ಸಂಜೆ ಮೈದುನ ಮಹಡಿಯಿಂದ ಇಳಿದು ಬಂದ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತಿಗೇ, ಅವಳು ಹೇಗಿದ್ಲು?" ಅಂತ ಕೇಳಿದ. ಚೆನ್ನಾಗಿದ್ದಳು ಅಂದೆ. ಸ್ವಲ್ಪ ನಿಂತ. ಮೇಲೆ ಹೋದ. ಅವನ ಬಗ್ಗೆ ನೀನು ಏನಾದರೂ ಅಂದುಕೋ, ನಿನ್ನೆ ನನಗೆ ಪಾಪ ಅನ್ನಿಸಿತು.

ಮೂರು ಪುಟದ ಕೊನೆಯ ಕರಡು ನೋಡಿದೆ, ತಪ್ಪಿಲ್ಲ, ಅಚ್ಚಿಗೆ ಬಿಡು. ಗಂಡನ ಸಹೋದರನ ಹೆಂಡತಿ ಅನ್ನುವ ಅರ್ಥ ಹಾಗೇ ಇರಲಿ, ಅದು ಆ ಪದದ ಪಾಡು. ಆ ಫಾರಂ ಮಾತ್ರ ನಾನು ತಿದ್ದಲಿಲ್ಲ, ನೀನು ಹೇಳಿದ ಹಾಗೆ. ಆದರೆ ಒಂದು ವಿಷಯ ಚೆನ್ನಾಗಿ ನೆನಪಿಟ್ಟುಕೋ. ನಾನು ಬರೆಸಿಯಾಯಿತು, ಸಹಿಯೂ ಹಾಕಿಯಾಯಿತು. ಇನ್ನು ಯಾರು ಕೇಳಿದರೂ, ಎಲ್ಲಿ ಕೇಳಿದರೂ, ನೀನೂ ಹಾಗೇ ಹೇಳಬೇಕು. ಸಾಯುವ ತನಕ ಹೇಳಬೇಕು. ಇಲ್ಲದಿದ್ದರೆ ನಾನು ಸುಳ್ಳು ಹೇಳಿದ ಹಾಗಾಗುತ್ತದೆ.

ನಾನೇ